ಹೆರಿಗೆ ಕೋಣೆಯ ದಾಖಲೆ ಯಾರ ಕೈಯಲ್ಲಿದೆ?

ನಿನ್ನೆ ಒಂದು ಹೆರಿಗೆಯ ಕೇಸ್ ಶೀಟ್ ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹೆರಿಗೆಯಲ್ಲಿ ಹಾನಿಗೊಳಗಾದ ಮಕ್ಕಳ ಪರವಾಗಿ ನಾನು ನ್ಯಾಯಾಲಯದಲ್ಲಿ ಪ್ರಕರಣ ನಡೆಸುತ್ತೇನೆಂದು ಇಲ್ಲಿರುವ ಸ್ನೇಹಿತರಿಗೆ ಗೊತ್ತು. ಇಂಥ ಕಾಗದಗಳು ನನಗೆ ಹೊಸತಲ್ಲ. ಆದರೂ, ರಾತ್ರಿಯಿಡೀ ನಡೆದ ಹೆರಿಗೆಯಲ್ಲಿ ಮಗುವಿನ ಹೃದಯಬಡಿತದ ಅಂಕಣದ ತುಂಬ ಒಂದೇ ಪೆನ್ನಿನಲ್ಲಿ, ಒಂದೇ ಓಟದ ಕೈಬರಹದಲ್ಲಿ 140, 140, 140 ಎಂದು ಬರೆದು, ಕೊನೆಗೆ ‘ಹುಟ್ಟಿದಾಗ ಮಗು ಅಳಲಿಲ್ಲ’ ಎಂದು ಮುಗಿಸಿದ್ದನ್ನು ನೋಡಿ ನನ್ನ ಕೈ ನಡುಗಿತು.

ಗರ್ಭದಲ್ಲಿರುವ ಮಗುವಿನ ಹೃದಯಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160ರ ನಡುವೆ ಏರಿಳಿಯುತ್ತಲೇ ಇರುತ್ತದೆ. ನೋವು ಬಲಿತ ಮೇಲೆ ಅದನ್ನು 15ರಿಂದ 30 ನಿಮಿಷಕ್ಕೊಮ್ಮೆ, ಮಗು ಹೊರಬರುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಕೇಳಿ ಬರೆದಿಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಗಂಟೆಗಟ್ಟಲೆ ಕದಲದೆ ನಿಂತ ಅಂಕಿಯನ್ನು ಯಾರೂ ಕೇಳಿ ಬರೆದಿರಲಾರರು. ದಾಖಲೆ ಕಾಣೆಯಾಗಿದ್ದರೆ ನ್ಯಾಯಾಲಯ ಅದನ್ನು ಆಸ್ಪತ್ರೆಯ ವಿರುದ್ಧ ಪರಿಗಣಿಸಬಹುದು. ಆದರೆ ಹೀಗೆ ಭರ್ತಿ ಮಾಡಿಟ್ಟ ದಾಖಲೆಯನ್ನು ಸುಳ್ಳೆಂದು ತೋರಿಸುವ ಹೊರೆ ತಂದೆತಾಯಿಯರ ತಲೆಯ ಮೇಲೆಯೇ ಬೀಳುತ್ತದೆ.

ಕಾನೂನು ಅವರಿಂದ ಎರಡು ವಿಷಯಗಳಿಗೆ ಪುರಾವೆ ಕೇಳುತ್ತದೆ: ಆರೈಕೆಯಲ್ಲಿ ಲೋಪವಾಗಿತ್ತು, ಮಗುವಿಗೆ ಹಾನಿಯಾದದ್ದು ಆ ಲೋಪದಿಂದಲೇ. ಎರಡಕ್ಕೂ ಪುರಾವೆ ಇರುವುದು ಎದುರಾಳಿಯ ಬೀರುವಿನಲ್ಲಿ! ಹೊಕ್ಕುಳಬಳ್ಳಿಯ ರಕ್ತವನ್ನು ಆಗಲೇ ಪರೀಕ್ಷಿಸಿದ್ದರೆ ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕದ ಕೊರತೆಯಾಗಿತ್ತೇ ಎಂಬುದರ ಸುಳಿವು ಸಿಗುತ್ತಿತ್ತು. ಅದನ್ನೂ ಮಾಡಿಲ್ಲ. ಮಿದುಳಿಗೆ ಆಗುವ ಹಾನಿಯನ್ನು ತಗ್ಗಿಸಲು ಮಗುವಿನ ಮೈಯನ್ನು ತಂಪಾಗಿಸುವ ಚಿಕಿತ್ಸೆಯನ್ನು ಹುಟ್ಟಿದ ಆರು ಗಂಟೆಗಳೊಳಗೆ ಆರಂಭಿಸಬೇಕು. ಆ ಸಾಧ್ಯತೆಯನ್ನು ಯಾರಾದರೂ ಯೋಚಿಸಿದ್ದರೆಂಬುದಕ್ಕೆ ಒಂದು ಸಾಲೂ ಇಲ್ಲ.

ಮಿದುಳಿನ ಹಾನಿಯಿಂದ ಮಗುವಿನ ಚಲನೆ ಕುಂಠಿತವಾಗುವ ಸೆರೆಬ್ರಲ್ ಪಾಲ್ಸಿಯ ಬಹುಪಾಲು ಪ್ರಕರಣಗಳಿಗೆ ಹೆರಿಗೆಯ ಲೋಪ ಕಾರಣವಲ್ಲ, ಹೀಗೆ ಮೊಕದ್ದಮೆ ಹೂಡಿದರೆ ವೈದ್ಯರು ಹೆದರಿ ಎಲ್ಲರಿಗೂ ಸಿಸೇರಿಯನ್ ಮಾಡುತ್ತಾರೆ ಎಂದು ವೈದ್ಯಮಿತ್ರರು ಹೇಳುತ್ತಾರೆ. ಮೊದಲನೆಯ ಮಾತು ನಿಜ. ಆದರೆ ಈ ಮಗುವಿನ ವಿಷಯದಲ್ಲಿಯೂ ಅದು ನಿಜವೆಂದು ತೋರಿಸಲು ಅವರಿಗೂ ಬೇಕಾದದ್ದು ಪ್ರಾಮಾಣಿಕವಾಗಿ ಬರೆದ ಅದೇ ಹಾಳೆಯಲ್ಲವೇ?

ಮಧುಮೇಹವಿದ್ದ ತಾಯಿಗೆ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯವನ್ನು ತಿಳಿಸದಿದ್ದದ್ದು ತಪ್ಪೆಂದು 2015ರ ಮಾಂಟ್ಗೊಮೆರಿ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹೆರಿಗೆಗೆ ಮುನ್ನ ತಿಳಿಯುವ ಹಕ್ಕು ತಾಯಿಗಿದ್ದರೆ, ಹೆರಿಗೆಯಲ್ಲಿ ನಡೆದದ್ದೇನೆಂದು ತಿಳಿಯಲು ಆಕೆ ಏಕೆ ಅರ್ಜಿ ಹಿಡಿದು ಅಲೆಯಬೇಕು? ಮನೆಗೆ ಕಳುಹಿಸುವ ದಿನವೇ ಪೂರ್ತಿ ದಾಖಲೆಯ ಪ್ರತಿ, ಮಗುವಿನ ಹೃದಯಬಡಿತವನ್ನು ಮಾನಿಟರ್ ಯಂತ್ರ ದಾಖಲಿಸಿದ ಕಾಗದದ ಪಟ್ಟಿಯೂ ಸೇರಿ, ಕೇಳದೆಯೇ ಆಕೆಯ ಕೈಗೆ ಬರಬೇಕು. ದಾಖಲೆ ನಂಬಲು ಯೋಗ್ಯವಲ್ಲವೆಂದು ಕಂಡ ಕಡೆ, ತಾನು ಸರಿಯಾಗಿ ನಡೆದುಕೊಂಡೆನೆಂದು ಸಾಬೀತುಪಡಿಸುವ ಹೊರೆ ಆಸ್ಪತ್ರೆಯದಾಗಬೇಕು.