ಸಾಕ್ರಟೀಸ್ ನಾಸ್ತಿಕನಾಗಿರಲಿಲ್ಲ

ಗ್ರೀಕ್ ತತ್ವಜ್ಞಾನಿ ಸಾಕ್ರಟೀಸನ ಮಾತು ಬರುವ ನಿಮ್ಮ ಲೇಖನ ಇಷ್ಟವಾಯಿತು. ಆದರೆ ‘ದೇವರನ್ನೇ ನಂಬದ ಸಾಕ್ರಟೀಸ್‌ಗೆ ವಿಷ ಕುಡಿಸಿದರು’ ಎಂಬ ಸಾಲನ್ನು ಒಪ್ಪಲಾರೆ. ಅದು ಅವನ ಮೇಲೆ ಹೊರಿಸಿದ ಆರೋಪ, ಅವನು ಬದುಕಿದ ರೀತಿಯಲ್ಲ. ಕ್ರಿ.ಪೂ. 399ರಲ್ಲಿ ಮರಣದಂಡನೆ ವಿಧಿಸಿದ ಮೇಲೂ ಅವನನ್ನು ಸುಮಾರು ಒಂದು ತಿಂಗಳು ಸೆರೆಯಲ್ಲಿಟ್ಟಿದ್ದರು. ಗ್ರೀಕರ ದೇವರಾದ ಅಪೊಲೋನ ಹರಕೆ ಒಪ್ಪಿಸಲು ಅಥೆನ್ಸಿನ ಹಡಗು ಡೀಲೋಸ್ ದ್ವೀಪಕ್ಕೆ ಹೋಗಿತ್ತು. ಅದು ಮರಳುವ ತನಕ ಊರಿನ ಮಡಿ ಕೆಡಬಾರದೆಂದು ಯಾರನ್ನೂ ಕೊಲ್ಲುವಂತಿರಲಿಲ್ಲ. ಆ ದಿನಗಳಲ್ಲಿ ಅವನು ಅದೇ ಅಪೊಲೋನ ಮೇಲೆ ಸ್ತುತಿ ಕಟ್ಟಿದ, ಈಸೋಪನ ಕಥೆಗಳನ್ನು ಪದ್ಯಕ್ಕಿಳಿಸಿದ.

ಅವನ ಕೊನೆಯ ಗಳಿಗೆಯನ್ನು ಶಿಷ್ಯ ಪ್ಲೇಟೋ ಬರೆದಿರುವುದನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ವಿಷದ ಬಟ್ಟಲು ಕೈಗೆ ಬಂದಾಗ, ಇದರಲ್ಲಿ ತುಸು ದೇವರಿಗೆ ಎರೆಯಬಹುದೇ ಎಂದು ಕೇಳುತ್ತಾನೆ. ಕುಡಿಯಲು ಬೇಕಾದಷ್ಟನ್ನೇ ಅರೆದಿದ್ದೇವೆ ಎನ್ನುತ್ತಾನೆ ತಂದುಕೊಟ್ಟವನು. ಹಾಗಾದರೆ ಪ್ರಾರ್ಥನೆಯನ್ನಾದರೂ ಮಾಡುತ್ತೇನೆ ಎಂದು ಶಾಂತವಾಗಿ ಕುಡಿದುಬಿಡುತ್ತಾನೆ. ಕಾಲಿನಿಂದ ಏರಿದ ತಣ್ಪು ಸೊಂಟದ ಹತ್ತಿರ ಬಂದಾಗ ಮುಖದ ಮುಸುಕು ಸರಿಸಿ ಗೆಳೆಯ ಕ್ರೀಟೋಗೆ ಹೇಳುವ ಮಾತು: ಅಸ್ಕ್ಲೀಪಿಯಸ್‌ಗೆ ಒಂದು ಹುಂಜ ಸಲ್ಲಬೇಕು, ಮರೆಯದೆ ಕೊಡಿ. ಅಸ್ಕ್ಲೀಪಿಯಸ್ ರೋಗ ವಾಸಿಮಾಡುವ ದೇವರು. ಈ ಮಾತಿನ ಅರ್ಥವೇನೆಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ, ಆಡಲಿ. ದೇವರಿಗೆ ಸಲ್ಲಬೇಕಾದ ಹುಂಜವನ್ನು ಸಾಯುವಾಗಲೂ ನೆನೆದವನನ್ನು ನಾಸ್ತಿಕ ಎನ್ನುವ ಆ ಸಾಲನ್ನು ದಯವಿಟ್ಟು ತಿದ್ದಿ.