ರಜೆ ಪಟ್ಟಿ ಬದಿಗಿಡಿ, ಕಾಲೇಜಿನ ಕ್ಯಾಲೆಂಡರ್ ತೆಗೀರಿ

ಇವತ್ತು ಬೆಳಿಗ್ಗೆ ಒಂದು ಗ್ರೂಪಿನಲ್ಲಿ ಯಾರೋ ಪಾಪ ಕೇಳಿದ್ದರು: "ಶಿವಮೊಗ್ಗದಿಂದ ಮಕ್ಕಳನ್ನ ಕರ್ಕೊಂಡು ಎರಡು ರಾತ್ರಿಗೆ, ಕಡಿಮೆ ಖರ್ಚಲ್ಲಿ ಎಲ್ಲಿಗೆ ಹೋಗಬಹುದು?" ಒಬ್ಬರು ಮಣಿಪಾಲ ಅಂದಿದ್ದೇ ತಡ, ಮೇಲೆ ಬಿದ್ದವರು ಎಷ್ಟು ಜನ! "ಅಲ್ಲೇನಿದೆ ಕಾಲೇಜು ಬಿಟ್ಟು?" ಅಂತ ಒಬ್ಬರು. "ಹೋಗಿದ್ವಿ, ರೂಮಿಗೆ ಐದೂವರೆ ಸಾವಿರ ಕಿತ್ಕೊಂಡ್ರು, ಹಗಲು ದರೋಡೆ" ಅಂತ ಇನ್ನೊಬ್ಬರು. ಯಾವಾಗ ಹೋಗಿದ್ದು ಅಂತ ಕೆಳಗೆ ಓದಿದರೆ ನವೆಂಬರ್, ಅದೂ ಘಟಿಕೋತ್ಸವದ ವಾರ. ಸ್ವಾಮೀ, ದೇಶದ ಮೂಲೆಮೂಲೆಯಿಂದ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ ಎಲ್ಲ ಬಂದಿಳಿದು ಮಗಳ ಕೈಯಲ್ಲಿ ಪದವಿ ಪತ್ರ ಹಿಡಿಸಿ ಫೋಟೋ ತೆಗೆಸಿಕೊಳ್ಳೋ ವಾರದಲ್ಲಿ ನೀವು ಹೋಗಿ "ರೇಟು ಜಾಸ್ತಿ ಆಯ್ತು" ಅಂದರೆ ಲಾಡ್ಜಿನವನು ಏನು ಮಾಡಬೇಕು?

ಬಸ್ಸು, ಲಾಡ್ಜು, ಟಿಕೆಟ್ಟಿನ ಮಾತು ಬಂದರೆ ನನ್ನ ಬಾಯಿ ನಿಲ್ಲೋದಿಲ್ಲ ಅಂತ ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಉಳಿದರ್ಧ ಜನ ಇವತ್ತು ತಿಳ್ಕೊಳ್ಳಿ.

ನನ್ನ ತಕರಾರು ಇಷ್ಟೇ. ನಮ್ಮವರು ಪ್ರವಾಸ ಅಂದಕೂಡಲೇ ಸರ್ಕಾರಿ ರಜೆ ಪಟ್ಟಿ ಹಿಡಿದು ಕೂರ್ತಾರೆ. ಶುಕ್ರವಾರ ರಜೆ, ಶನಿವಾರ, ಭಾನುವಾರ, ಆಹಾ ಮೂರು ದಿನ ಸಿಕ್ತು! ಅದೇ ಲೆಕ್ಕವನ್ನು ಬೆಂಗಳೂರಿನ ಅರ್ಧ ಊರೂ ಹಾಕಿರುತ್ತದೆ. ಕಾಲೇಜು ಊರಿನಲ್ಲಿ ರೂಮಿನ ದರ ಏರಿಸೋದು ಇಳಿಸೋದು ಕಾಲೇಜಿನ ಕ್ಯಾಲೆಂಡರು. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಅದು ಎಲ್ಲರ ಕಣ್ಣಿಗೂ ಕಾಣುವಂತೆ ಇರುತ್ತದೆ. ಸೆಮಿಸ್ಟರ್ ಯಾವಾಗ ಶುರು, ಪರೀಕ್ಷೆ ಯಾವಾಗ, ಹೊಸ ಬ್ಯಾಚು ಯಾವಾಗ ಬರುತ್ತದೆ, ಘಟಿಕೋತ್ಸವ ಯಾವಾಗ, ಐದು ನಿಮಿಷದ ಕೆಲಸ. ಆದರೆ ರೂಮಿನ ಆಪ್‌ನಲ್ಲಿ ಒಂದು ಗಂಟೆ ಬೆರಳಾಡಿಸುವವರಿಗೆ ಈ ಐದು ನಿಮಿಷ ಸಿಗೋದಿಲ್ಲ.

ಮಳೆಗಾಲದಲ್ಲಿ ಹೊಸ ಮಕ್ಕಳು ಟ್ರಂಕು, ಬಕೆಟ್ಟು, ಹಾಸಿಗೆ ಸಮೇತ ಬರುವ ವಾರಗಳು ಬೇಡ. ನವೆಂಬರಿನ ಘಟಿಕೋತ್ಸವ ಬೇಡ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹಾಸ್ಟೆಲ್ಲುಗಳು ಖಾಲಿ ಇದ್ದರೂ ಪಕ್ಕದ ಮಲ್ಪೆ ಕಡಲತೀರದಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಇನ್ನು ಉಡುಪಿ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ: ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳಲ್ಲಿ, ಜನವರಿ 18ಕ್ಕೆ. 2026 ಆಯ್ತು, ಮುಂದಿನದು 2028. ಆ ವಾರ ಉತ್ಸವ ನೋಡಲೆಂದೇ ಹೋಗುವುದಾದರೆ ಹೋಗಿ, ಅಗ್ಗದ ಪ್ರವಾಸ ಅಂತ ಹೋಗಬೇಡಿ. ಇಷ್ಟೆಲ್ಲ ಕಳೆದರೆ ಉಳಿಯೋದು ಜನವರಿ ಕೊನೆ ಮತ್ತು ಫೆಬ್ರವರಿ. ಕಡಲು ಶಾಂತ, ಸೆಕೆ ಇನ್ನೂ ಸುಡೋಕೆ ಶುರು ಮಾಡಿರೋದಿಲ್ಲ, ಕ್ಲಾಸು ನಡೀತಿರೋದರಿಂದ ಹೊರಗಿನಿಂದ ಬಂದು ರೂಮು ಹಿಡಿಯುವ ಅಪ್ಪ ಅಮ್ಮಂದಿರು ಕಡಿಮೆ.

"ಫೆಬ್ರವರಿಯಲ್ಲಿ ಮಕ್ಕಳಿಗೆ ಶಾಲೆ ಇರುತ್ತಲ್ಲ?" ಇರುತ್ತೆ. ಒಂದು ಶುಕ್ರವಾರ ರಜೆ ಹಾಕಿಸಿ. ಅತ್ತಿಗೆಯ ತಂಗಿ ಮದುವೆಗೆ ಮೂರು ದಿನ ಹಾಕಿಸುವಾಗ ಈ ಪ್ರಶ್ನೆ ಎಲ್ಲಿ ಹೋಗಿರುತ್ತೆ?

ಶುಕ್ರವಾರ ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ, ಇದನ್ನ ಯಾರೂ ಹೇಳೋದಿಲ್ಲ. ಮಣಿಪಾಲದ ರೂಮುಗಳಿಗೆ ಪ್ರವಾಸಿಗಳಿಗಿಂತ ದೊಡ್ಡ ಗಿರಾಕಿ ಆಸ್ಪತ್ರೆ. ಸೋಮವಾರದ ಓಪಿಡಿಗೆ ಚೀಟಿ ಮಾಡಿಸಬೇಕಾದವರು ಭಾನುವಾರ ಸಂಜೆಯೇ ಬಂದು ಉಳೀತಾರೆ, ಜೊತೆಗೆ ಬಂದವರು ವಾರವಿಡೀ ಅಲ್ಲೇ ಇರ್ತಾರೆ. ಹಾಗಾಗಿ ನಿಮಗೆ ಶುಕ್ರವಾರ, ಶನಿವಾರ ರಾತ್ರಿ ಬೇಕು, ಅವರಿಗೆ ಭಾನುವಾರದಿಂದ ಬೇಕು. ಭಾನುವಾರ ಮಧ್ಯಾಹ್ನ ನೀವು ಖಾಲಿ ಮಾಡಿದರೆ ಇಬ್ಬರಿಗೂ ಸುಖ. ಭಾನುವಾರ, ಸೋಮವಾರ ಅಂತ ಲೆಕ್ಕ ಹಾಕಿಕೊಂಡು ಹೋದವರು ಅನಾರೋಗ್ಯ ಪೀಡಿತರ ಜೊತೆ ರೂಮಿಗೆ ಪೈಪೋಟಿ ಮಾಡಬೇಕಾಗುತ್ತದೆ. ಅದು ನೋಡೋಕೂ ಚೆನ್ನಾಗಿರೋದಿಲ್ಲ.

ಈಗ ಖರ್ಚು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಅಂತ ಇಟ್ಟುಕೊಳ್ಳಿ. ನಾನು ಹಾಕುವ ಮಿತಿ ಹನ್ನೊಂದು ಸಾವಿರ. ರೂಮಿಗೆ ರಾತ್ರಿಗೆ ಎರಡು ಸಾವಿರದಂತೆ ನಾಲ್ಕು, ಹೋಗಿಬರುವ ಬಸ್ಸಿಗೆ ಎರಡು, ಊಟ ತಿಂಡಿಗೆ ಎರಡು ಸಾವಿರದ ಎಂಟುನೂರು, ದೋಣಿ ಅಥವಾ ಮ್ಯೂಸಿಯಂ ಟಿಕೆಟ್ಟಿಗೆ ಸಾವಿರದೈನೂರು, ಉಳಿದ ಏಳುನೂರು ಸಿಟಿ ಬಸ್ಸು, ಆಟೋ, ಗಡ್‌ಬಡ್ ಐಸ್‌ಕ್ರೀಮು. ಇದು ಅಲ್ಲಿನ ದರಪಟ್ಟಿ ಅಲ್ಲ, ನೀವು ಹಾಕಿಕೊಳ್ಳಬೇಕಾದ ಬೇಲಿ. ಒಂದು ಕಡೆ ಮೀರಿದರೆ ಇನ್ನೊಂದು ಕಡೆ ಕತ್ತರಿಸಿ, ಕಾರ್ಡು ಉಜ್ಜಬೇಡಿ.

ರೂಮು ಆಪ್‌ನಲ್ಲಿ ನೋಡಿ, ಆದರೆ ಫೋನ್ ಮಾಡಿ ಮಾತಾಡಿ. ಕೇಳಬೇಕಾದ್ದು: ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯಾ, ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ದುಡ್ಡಿಲ್ಲ, ಎಕ್ಸ್‌ಟ್ರಾ ಬೆಡ್ಡಿಗೆ ಎಷ್ಟು, ಚೆಕ್‌ಔಟ್ ಇಪ್ಪತ್ನಾಲ್ಕು ಗಂಟೆಯದೋ ಮಧ್ಯಾಹ್ನ ಹನ್ನೆರಡಕ್ಕೋ, ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ. ಬಜೆಟ್ಟು ಒಡೆಯೋದು ರೂಮಿನ ದರದಿಂದ ಅಲ್ಲ, ರಿಸೆಪ್ಷನ್ನಿನಲ್ಲಿ ನಿಂತಾಗ ಹೊರಬೀಳುವ ಈ ಎಕ್ಸ್‌ಟ್ರಾ ಬೆಡ್ಡಿನಿಂದ. "ಮಣಿಪಾಲ" ಅಂತ ಬರೆದುಕೊಂಡ ಎಲ್ಲ ರೂಮುಗಳೂ ಮಣಿಪಾಲದಲ್ಲಿ ಇರೋದಿಲ್ಲ, ಪರ್ಕಳದ ಕಡೆಯದೂ ಇರುತ್ತದೆ, ಹೆದ್ದಾರಿ ಪಕ್ಕದ್ದೂ ಇರುತ್ತದೆ. ಮಣಿಪಾಲದಿಂದ ಉಡುಪಿಗೆ ಐದಾರು ಕಿಲೋಮೀಟರ್. ಇಂದ್ರಾಳಿ, ಕುಂಜಿಬೆಟ್ಟು, ಕಲ್ಸಂಕ, ಈ ರಸ್ತೆಯ ಮೇಲೆ ಎಲ್ಲಿ ಸಿಕ್ಕರೂ ತಗೊಳ್ಳಿ, ದಿನವಿಡೀ ಸಿಟಿ ಬಸ್ಸು ಒಂದರ ಹಿಂದೆ ಒಂದು ಓಡುತ್ತವೆ. ಆ ರಸ್ತೆ ಬಿಟ್ಟು ಒಳಗೆ ಹೋದರೆ ಉಳಿಸಿದ ಮುನ್ನೂರು ಆಟೋದವನ ಜೇಬಿಗೆ.

ದಾರಿಯ ವಿಷಯ. ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ ಮೇಲೆ ಮಲ್ಪೆಗೆ ಹೋಗುವ 169ಎ ಹೆದ್ದಾರಿ ಮಣಿಪಾಲದ ಮಧ್ಯದಲ್ಲೇ ಹಾದುಹೋಗುತ್ತದೆ, ಉಡುಪಿಗೆ ಹೋಗಿ ತಿರುಗಿ ಬರಬೇಕಿಲ್ಲ, ಟೈಗರ್ ಸರ್ಕಲ್ಲಿನಲ್ಲಿ ಇಳಿದರಾಯ್ತು. ಘಾಟಿಯಲ್ಲಿ ಹದಿನಾಲ್ಕು ತಿರುವು, ದೊಡ್ಡ ಬಸ್ಸು ತಿರುಗೋದಿಲ್ಲ, ಓಡೋದು ಮಿನಿ ಬಸ್ಸು. ಮಿನಿ ಬಸ್ಸಿಗೆ ಹಿಂದೆ ಡಿಕ್ಕಿ ಅಂತ ಹೆಸರಿಗೆ ಇರುತ್ತದೆ, ಚಕ್ರದ ಸೂಟ್‌ಕೇಸು ತಂದರೆ ಅದನ್ನು ತೊಡೆಮೇಲೆ ಇಟ್ಟುಕೊಂಡು ಘಾಟಿ ಇಳೀಬೇಕು. ಹೆಗಲ ಚೀಲ ಸಾಕು. ಶಿವಮೊಗ್ಗದಲ್ಲಿ ಮಸಾಲೆ ದೋಸೆ, ವಡೆ ತಿನ್ನಿಸಿ ಹತ್ತಿಸಿದರೆ ಆಗುಂಬೆ ದಾಟುವಷ್ಟರಲ್ಲಿ ಅದು ವಾಪಸ್ ಬರುತ್ತದೆ. ಇಡ್ಲಿ ಒಂದೆರಡು ಕೊಡಿ, ಮುಂದಿನ ಸೀಟು ಹಿಡೀರಿ, ಮಗುವಿನ ಕೈಯಿಂದ ಮೊಬೈಲು ಕಿತ್ಕೊಂಡು ಕಿಟಕಿಯಾಚೆ ನೋಡಿಸಿ. ವಾಂತಿ ಮಾತ್ರೆ ಕೊಡುವುದಾದರೆ ಡಾಕ್ಟರನ್ನ ಕೇಳಿ, ಬಸ್ಸು ಹತ್ತುವ ಮೊದಲೇ ಕೊಡಿ. ತಿರುವು ಶುರುವಾದ ಮೇಲೆ ಕೊಟ್ಟ ಮಾತ್ರೆ ಮಾತ್ರೆಯ ರೂಪದಲ್ಲೇ ಹೊರಬರುತ್ತದೆ. ಇನ್ನೊಂದು: ಈ ದಾರಿಯ ಹೆಚ್ಚಿನ ಬಸ್ಸುಗಳು ಖಾಸಗಿಯವು, ಶಕ್ತಿ ಯೋಜನೆ ನಡೆಯೋದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಆಧಾರ್ ಕಾರ್ಡು ತೋರಿಸಿ ಕಂಡಕ್ಟರ್ ಹತ್ತಿರ ಜಗಳ ತೆಗೀಬೇಡಿ.

ಬೆಂಗಳೂರಿನವರು ರಾತ್ರಿ ಕಾರವಾರದ ಕಡೆಯ ಪಂಚಗಂಗಾ ರೈಲು ಹಿಡೀರಿ. ಉಡುಪಿ ನಿಲ್ದಾಣ ಇರೋದು ಇಂದ್ರಾಳಿಯಲ್ಲಿ, ಉಡುಪಿ ಮಣಿಪಾಲ ಎರಡರ ಮಧ್ಯೆ. ಅರವತ್ತು ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್ ತೆಗೆದರೆ ಬರ್ತ್ ಸಿಗೋದಿಲ್ಲ, ನೆನಪಿರಲಿ.

ಇನ್ನು "ಏನಿದೆ" ಅನ್ನುವವರಿಗೆ. 1953ರಲ್ಲಿ ಟಿ.ಎಂ.ಎ. ಪೈ ಅವರು ಬೋಳು ಮುರಕಲ್ಲಿನ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಶುರು ಮಾಡಿದ್ದರಿಂದ ಹುಟ್ಟಿದ ಊರು ಅದು. ಆ ಗುಡ್ಡದ ಅಂಚೇ ಎಂಡ್ ಪಾಯಿಂಟ್. ಕೆಳಗೆ ಸ್ವರ್ಣಾ ನದಿ, ತೆಂಗಿನ ತೋಟ. ದುಡ್ಡು ಖರ್ಚಿಲ್ಲದ ಸಂಜೆ ಇದಕ್ಕಿಂತ ಚೆನ್ನಾಗಿ ನನಗೆ ಗೊತ್ತಿಲ್ಲ. ಮಣ್ಣಪಳ್ಳ ಕೆರೆಯ ಸುತ್ತ ಬೆಳಿಗ್ಗೆ ನಡೀಬಹುದು. ಮೆಡಿಕಲ್ ಕಾಲೇಜಿನ ಅಂಗರಚನಾ ಮ್ಯೂಸಿಯಂ ಮಾತ್ರ ಬಿಡಲೇಬೇಡಿ: ಆನೆಯ ಅಸ್ಥಿಪಂಜರ, ಸಿಗರೇಟು ಸೇದಿದವರ ಶ್ವಾಸಕೋಶ, ಗಾಜಿನ ಜಾಡಿಗಳಲ್ಲಿ ಭ್ರೂಣಗಳು. ಎಂಟು ವರ್ಷ ದಾಟಿದ ಮಕ್ಕಳು ಹೊರಗೆ ಬರೋಕೇ ಒಪ್ಪೋದಿಲ್ಲ, ತೀರಾ ಚಿಕ್ಕವರು ಹೆದರಬಹುದು. ಮೊದಲೇ ಫೋನ್ ಮಾಡಿ ಸಮಯ ಕೇಳಿ, ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಬಸ್ಸಿಳಿದ ಶುಕ್ರವಾರ ಮಧ್ಯಾಹ್ನಕ್ಕೆ ಸರಿಹೋಗುತ್ತದೆ.

ಹೆಚ್ಚು ದುಡ್ಡು ಕೊಟ್ಟು ನೋಡೋದರಲ್ಲಿ ಒಂದನ್ನೇ ಆರಿಸಿ. ಒಂದೋ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಕಟ್ಟಿದ ಹಸ್ತಶಿಲ್ಪ ಮ್ಯೂಸಿಯಂ, ಇಲ್ಲವೇ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ದೊಡ್ಡವರೇ ಹೋದರೆ ಹಸ್ತಶಿಲ್ಪ ಅನ್ನುತ್ತೇನೆ. ಮಕ್ಕಳಿದ್ದರೆ ದ್ವೀಪ. ಈ ವಿಷಯದಲ್ಲಿ ನಾನು ಪಕ್ಷಪಾತಿ, ಒಪ್ಪಿಕೊಳ್ಳುತ್ತೇನೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದಾಗ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರಿದು, ಮೂಲೆ ಮೂಲೆಯಾದ ಕಂಬಗಳಾಗಿ ನಿಂತಿದೆ. ಅದರ ಮುಂದೆ ಸೆಲ್ಫಿ ತೆಗೆದು "ಬರೀ ಕಲ್ಲು" ಅಂತ ಬರೆಯುವವರನ್ನು ನಾನು ಅನ್‌ಫ್ರೆಂಡ್ ಮಾಡೋದು ಖಂಡಿತ. ಶನಿವಾರ ಬೆಳಗಿನ ದೋಣಿಗಳಲ್ಲೇ ಹೋಗಿ ಬಿಸಿಲೇರುವ ಮೊದಲು ವಾಪಸ್ ಬನ್ನಿ, ತೆಂಗಿನ ಮರ ಬಿಟ್ಟರೆ ನೆರಳಿಲ್ಲ. ದಡ ತುಂಬ ಚಿಪ್ಪು, ಕಾಲು ಕೊಯ್ಯುತ್ತದೆ, ಹವಾಯಿ ಚಪ್ಪಲಿ ಬೇಡ, ಪಟ್ಟಿ ಇರುವ ಚಪ್ಪಲಿ ಹಾಕಿ. ಮಳೆಗಾಲದಲ್ಲಿ ದೋಣಿ ಬಂದ್. ಅಲ್ಲಿವರೆಗೆ ಹೋಗಿ "ಗೊತ್ತಿರಲಿಲ್ಲ" ಅನ್ನುವವರು ಪ್ರತಿ ವರ್ಷ ಇರ್ತಾರೆ.

ಊಟದಲ್ಲಿ ಕಾಲೇಜು ಊರಿನ ಲಾಭ ಪೂರ್ತಿ ಸಿಗುತ್ತದೆ. ವಿದ್ಯಾರ್ಥಿಗಳ ಹೊಟ್ಟೆ ದೊಡ್ಡದು, ಜೇಬು ಚಿಕ್ಕದು. ಅದಕ್ಕೆ ತಕ್ಕ ಮೆಸ್ಸು, ಸಣ್ಣ ಹೋಟೆಲ್ಲು ಒಳರಸ್ತೆಗಳಲ್ಲಿ ಇವೆ. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಹಸಿದ ಹುಡುಗರ ಸಾಲಿನಲ್ಲಿ ನಿಲ್ಲಬೇಕು, ಹನ್ನೆರಡಕ್ಕೆ ಹೋಗಿ. ರಾತ್ರಿ ಅವರು ಒಂಬತ್ತಕ್ಕೆ ಮೊದಲು ಊಟಕ್ಕೆ ಏಳೋದಿಲ್ಲ, ಏಳೂವರೆಗೆ ನಿಮಗೆ ಟೇಬಲ್ಲು ಖಾಲಿ. ಮೀನಿನೂಟಕ್ಕೆ ಕೂತಾಗ ಊಟದ ದರ ನೋಡಿ ಮೋಸ ಹೋಗಬೇಡಿ, ಫ್ರೈ ದರ ಮೀನಿನ ಸೈಜಿನ ಮೇಲೆ. ಕಾಣೆ, ಅಂಜಲ್ ಹೇಳುವ ಮೊದಲು "ಇದೆಷ್ಟು" ಅಂತ ಕೇಳಿ, ನಾಚಿಕೆ ಬೇಡ. ಬಂಗುಡೆ ಸಾಕು, ರುಚಿಯೂ ಅದಕ್ಕೇ ಜಾಸ್ತಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರೋದರಿಂದ ಮೀನಿಗೆ ರೇಟು. ಕೃಷ್ಣ ಮಠಕ್ಕೆ ಹೋದರೆ ಮಧ್ಯಾಹ್ನದ ಪ್ರಸಾದ ಎಲ್ಲರಿಗೂ ಉಚಿತ. ಉಂಡು ಎದ್ದಮೇಲೆ ಹುಂಡಿಗೆ ಏನಾದರೂ ಹಾಕಿ, ನಾಲ್ಕು ಜನರ ಊಟ ಉಳಿಸಿದೆ ಅಂತ ಇಲ್ಲಿ ಪೋಸ್ಟ್ ಹಾಕಬೇಡಿ.

"ಹುಡುಗ ಹುಡುಗಿಯರ ಪಾರ್ಟಿ, ಬೈಕಿನ ಸದ್ದು, ಸಂಸಾರಸ್ಥರಿಗೆ ಸರಿಹೋಗಲ್ಲ" ಅನ್ನುವ ಮಾತೂ ಬಂತು. ಶನಿವಾರ ರಾತ್ರಿ ಕೆಲವು ಬೀದಿಗಳಲ್ಲಿ ಸದ್ದು ಇರುತ್ತದೆ, ನಿಜ. ಬಾರಿನ ಮೇಲಿನ ರೂಮು ತಗೋಬೇಡಿ, ಆಸ್ಪತ್ರೆ ಕಡೆಯ ರೂಮು ತಗೊಳ್ಳಿ, ಮುಗೀತು. ಇಡೀ ಊರು ರೋಗಿಗಳ ಮನೆಯವರಿಂದ ತುಂಬಿರುವಾಗ ಸಂಸಾರಸ್ಥರಿಗೆ ಸರಿಯಿಲ್ಲ ಅನ್ನೋದು ಯಾವ ಲೆಕ್ಕ? ಹೀಗೆ ಹೇಳುವವರೇ ಉದ್ದ ವಾರಾಂತ್ಯಕ್ಕೆ ರೆಸಾರ್ಟಿನ ಡಿಜೆ ಪಕ್ಕದಲ್ಲಿ ಮಕ್ಕಳನ್ನ ಮಲಗಿಸಿ ಬರ್ತಾರೆ.

ವಾಪಸ್ ಬರುವ ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಬೇಗ ಹೊರಡಿ, ಘಾಟಿಯನ್ನು ಬೆಳಕಿರುವಾಗ ಹತ್ತಿ. ಟೈಗರ್ ಸರ್ಕಲ್ಲಿನಲ್ಲಿ ಕೈ ಅಡ್ಡ ಹಾಕಿದರೆ ಬಸ್ಸು ನಿಲ್ಲುತ್ತದೆ, ಸೀಟು ಇರೋದಿಲ್ಲ. ಸಿಟಿ ಬಸ್ಸು ಹತ್ತಿ ಉಡುಪಿಗೆ ಹೋಗಿ, ಬಸ್ಸು ಹೊರಡುವ ಜಾಗದಲ್ಲೇ ಕೂತು ಬನ್ನಿ. ಮಳೆ ಜೋರಿದ್ದರೆ ಘಾಟಿ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ, ಮುಚ್ಚಿದ್ದರೆ ಬಾಳೆಬರೆ ಘಾಟಿ ಮೇಲೆ ಸುತ್ತು ಹಾಕಬೇಕು, ಮನೆ ಸೇರುವಾಗ ರಾತ್ರಿ ಆಗುತ್ತೆ. ಲಾಡ್ಜಿನ ನಂಬರ್ ಕೊಡಿ ಅಂತ ಇನ್‌ಬಾಕ್ಸಿಗೆ ಬರಬೇಡಿ. ಕೊಡೋದಿಲ್ಲ. ಮೊದಲು ಕ್ಯಾಲೆಂಡರ್ ತೆಗೆದು ತಾರೀಖು ಹೇಳಿ, ಆಮೇಲೆ ಮಾತಾಡೋಣ.