ಬ್ಯಾಟಿಲ್ಲದ ಬೇಸ್‌ಬಾಲ್

ಬೆಂಗಳೂರಿನ ಔಟರ್ ರಿಂಗ್ ರೋಡಿನ ಯಾವುದೇ ಟೆಕ್ ಪಾರ್ಕಿಗೆ ಸೋಮವಾರ ಬೆಳಿಗ್ಗೆ ಹೋಗಿ ನೋಡಿ. ಗಾಜಿನ ರೂಮಿನೊಳಗೆ ಜೋರಾಗಿ ಬೇಸ್‌ಬಾಲ್ ನಡೆದಿರುತ್ತದೆ. ಬ್ಯಾಟಿಲ್ಲ, ಬಾಲಿಲ್ಲ, ಕೂತವರಲ್ಲಿ ಮುಕ್ಕಾಲು ಪಾಲು ಜನ ಆ ಆಟ ನೋಡಿಯೂ ಇಲ್ಲ. ಆದರೂ ಒಬ್ಬರು 'ಟಚ್ ಬೇಸ್' ಮಾಡೋಣ, ಅಂದರೆ ಒಂಚೂರು ಮಾತಾಡಿಕೊಳ್ಳೋಣ ಅನ್ನುತ್ತಾರೆ. ಇನ್ನೊಬ್ಬರು 'ಆಲ್ ಬೇಸಸ್ ಕವರ್ಡ್', ಅಂದರೆ ಏನೂ ಬಿಟ್ಟುಹೋಗಿಲ್ಲ ಅನ್ನುತ್ತಾರೆ. ಮೂಲೆಯಲ್ಲಿದ್ದವರು, ಕ್ಲೈಂಟ್ 'ಕರ್ವ್ ಬಾಲ್' (ನಿರೀಕ್ಷೆಯೇ ಇಲ್ಲದ ತಿರುವು) ಎಸೆದುಬಿಟ್ಟ ಅಂತ ಹಣೆ ಒತ್ತಿಕೊಳ್ಳುತ್ತಾರೆ.

ಊರು ಯಾವುದು ಹೇಳಿ? ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಬೌಲ್ ಮಾಡಿದ ಊರು. 1971ರಲ್ಲಿ ಓವಲ್ ಮೈದಾನದಲ್ಲಿ ಚಂದ್ರ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲಿಷರನ್ನು ಅವರ ಮನೆಯಲ್ಲೇ ಮಣ್ಣು ಮುಕ್ಕಿಸಿದ್ದರು. 'ಗೂಗ್ಲಿ ಹಾಕಿಬಿಟ್ಟ ಕಣ್ರೀ' ಅಂದರೆ ಇಲ್ಲಿ ಸೊಪ್ಪು ಮಾರುವ ಅಜ್ಜಿಗೂ ಅರ್ಥವಾಗುತ್ತದೆ. ಮೀಟಿಂಗಿನಲ್ಲಿ ಮಾತ್ರ ಹಾಗನ್ನುವಂತಿಲ್ಲ. ಗೂಗ್ಲಿ ಲೋಕಲ್ಲು, ಕರ್ವ್ ಬಾಲ್ ಗ್ಲೋಬಲ್ಲು!

ಈ ಬೇಸ್‌ಬಾಲ್ ಮಾತುಗಳಲ್ಲಿ ರಾಜ ಅಂದರೆ 'ಬಾಲ್‌ಪಾರ್ಕ್ ಫಿಗರ್'. ಅಮೆರಿಕದವರಿಗೆ ಬಾಲ್‌ಪಾರ್ಕ್ ಅಂದರೆ ಬೇಸ್‌ಬಾಲ್ ಮೈದಾನ. ಚೆಂಡು ಮೈದಾನದೊಳಗೆ ಎಲ್ಲೋ ಒಂದು ಕಡೆ ಬಿದ್ದಿದ್ದರೆ ಸಾಕು ಅನ್ನುವಂಥ ಅಂದಾಜು ಲೆಕ್ಕ.

"ಸುಮ್ನೆ ಒಂದು ಬಾಲ್‌ಪಾರ್ಕ್ ಹೇಳಪ್ಪ, ಎಷ್ಟು ದಿನ ಬೇಕು?" ಅಂತ ಮ್ಯಾನೇಜರ್ ಕೇಳುತ್ತಾರೆ. ಹುಡುಗ ಲ್ಯಾಪ್‌ಟಾಪ್ ನೋಡುತ್ತಾನೆ, ಪಕ್ಕದವನ ಮುಖ ನೋಡುತ್ತಾನೆ, ಎರಡು ವಾರ ಅಂದುಬಿಡುತ್ತಾನೆ. ಮುಗಿಯಿತು ಅವನ ಕಥೆ. ಕೇಳಿದ್ದು ಅಂದಾಜು. ಆದರೆ ಅವನು ಬಾಯಿ ಮುಚ್ಚುವಷ್ಟರಲ್ಲಿ ಅದು ಎಕ್ಸೆಲ್ ಶೀಟಿಗೆ ಹೋಗಿ, ಕೆಂಪು ಬಣ್ಣ ಬಳಿದುಕೊಂಡು, ಡೆಡ್‌ಲೈನ್ ಆಗಿ ಕೂತಿರುತ್ತದೆ. ಇಷ್ಟು ಬೇಗ ಬಡ್ತಿ ಆ ಆಫೀಸಿನಲ್ಲಿ ಯಾರಿಗೂ ಸಿಕ್ಕಿಲ್ಲ.

'ಟಚ್ ಬೇಸ್' ಇನ್ನೂ ಮಜಾ. ಆಟದಲ್ಲಿ ಓಡುವವನು ಬೇಸ್ ಮುಟ್ಟಿದರೆ ಬಚಾವ್. ಆಫೀಸಿನಲ್ಲಿ ಉಲ್ಟಾ. 'ಐದೇ ನಿಮಿಷ ಟಚ್ ಬೇಸ್ ಮಾಡೋಣ' ಅಂತ ಮ್ಯಾನೇಜರ್ ಕರೆದರೆ ಮಧ್ಯಾಹ್ನದ ಊಟ ಹೋಯಿತು ಅಂತಲೇ ಲೆಕ್ಕ. ಎಚ್‌ಆರ್ ಕರೆದರೆ ಕೆಲಸವೇ ಹೋಯಿತು.

ನಿಜವಾದ ಲೆಕ್ಕ ಹೊರಬೀಳುವುದು ಗೇಟಿನಾಚೆಯ ಟೀ ಅಂಗಡಿಯಲ್ಲಿ.

"ಎರಡು ವಾರಕ್ಕೆ ಆಗುತ್ತೇನೋ?"

"ಎಲ್ಲಿ ಮಗಾ, ಎರಡು ತಿಂಗಳಾದರೂ ಬೇಕು."

ಹಿಂದೆ ನಿಂತು ಟೀಯಲ್ಲಿ ಬಿಸ್ಕತ್ತು ಅದ್ದುತ್ತಿದ್ದ ಮ್ಯಾನೇಜರ್ ಕೂಡ, "ಮೂರು ಅಂತಿಟ್ಕೊಳ್ಳಿ, ಟೆಸ್ಟಿಂಗ್ ಬೇರೆ ಇದೆಯಲ್ಲ" ಅನ್ನುತ್ತಾರೆ. ಅಚ್ಚ ಕನ್ನಡದಲ್ಲಿ ಮೂವರೂ ಒಪ್ಪಿಕೊಳ್ಳುತ್ತಾರೆ. ಟೀ ಮುಗಿಸಿ, ಲಿಫ್ಟ್ ಹತ್ತಿ ಹೋಗಿ, ಮ್ಯಾನೇಜರ್ ಅಮೆರಿಕಕ್ಕೆ ಮೇಲ್ ಹಾಕುತ್ತಾರೆ: 'ಟೂ ವೀಕ್ಸ್. ಟೀಮ್ ವಿಲ್ ಹಿಟ್ ಎ ಹೋಮ್ ರನ್.'